ಬೇಸಿಗೆಯ ಬದುವಿನಲ್ಲಿ ಹುಳು, ಜೇಡಗಳನ್ನು ಹುಡುಕಿ ಚಿತ್ರ ತೆಗೆಯುವುದು

ಹಿಂಗಾರು ಬೆಳೆ ಕೊಯ್ಲಾದ ಮೇಲೆ ಮುಂಗಾರು ಮಳೆ ಬೀಳುವವರೆಗೆ ಹೊಲದಲ್ಲಿ ಹುಳುವೇ ಇರುವುದಿಲ್ಲವೆಂದು ತಿಳಿದವರು ಬಹಳ ಮಂದಿ. ಹೊಲ ಬರಿದಾಗಿರಬಹುದು. ಆದರೆ ಬದು, ಬೇಲಿ, ಕಾಲುವೆಯ ಅಂಚು, ಬಾವಿಯ ಸುತ್ತಲಿನ ಹಸಿರು ಬರಿದಾಗಿರುವುದಿಲ್ಲ. ಬೆಳೆಯನ್ನು ತಿನ್ನುವ ಹುಳುಗಳೂ, ಅವನ್ನು ತಿಂದು ಬದುಕುವ ಹುಳುಗಳೂ ಬೇಸಿಗೆಯನ್ನು ಕಳೆಯುವುದು ಬಹುಮಟ್ಟಿಗೆ ಇಲ್ಲಿಯೇ. ಈಗ ಹೆಚ್ಚಿನ ರೈತರ ಜೇಬಿನಲ್ಲಿ ಕ್ಯಾಮೆರಾ ಇರುವ ಮೊಬೈಲ್ ಫೋನ್ ಇದೆ. ಅದನ್ನು ಹಿಡಿದು ವಾರಕ್ಕೊಮ್ಮೆ ಬದುವಿನ ಮೇಲೆ ಒಂದು ಸುತ್ತು ಬಂದರೆ, ಮುಂಗಾರಿನಲ್ಲಿ ಯಾವ ಹುಳುವಿಗೆ ಔಷಧಿ ಹೊಡೆಯಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲೇ ತಿಳಿದಿರುತ್ತದೆ.

ಬೆಳಿಗ್ಗೆ ಆರೂವರೆಯಿಂದ ಒಂಬತ್ತರೊಳಗೆ ಹೋಗುವುದು ಮೇಲು. ರಾತ್ರಿಯ ತಂಪು ಇನ್ನೂ ಆರಿರುವುದಿಲ್ಲವಾದ್ದರಿಂದ ಹುಳುಗಳು ಮಂದವಾಗಿದ್ದು, ಹತ್ತಿರ ಹೋದರೂ ಬೇಗ ಹಾರುವುದಿಲ್ಲ. ಬಿಸಿಲೇರಿದ ಮೇಲೆ ಅವು ಎಲೆಯ ಅಡಿಗೆ, ಕಲ್ಲಿನ ಸಂದಿಗೆ ಸೇರಿಕೊಳ್ಳುತ್ತವೆ.

ಮೊದಲು ನೋಡಬೇಕಾದ ಗಿಡ ಎಕ್ಕ. ಎಲ್ಲವೂ ಒಣಗಿರುವಾಗಲೂ ಇದು ಹಸಿರಾಗಿರುತ್ತದೆ. ಇದರ ಎಳೆ ಕುಡಿ, ಹೂಗೊಂಚಲುಗಳಲ್ಲಿ ಅರಿಸಿನ ಬಣ್ಣದ ಹೇನುಗಳು ಗುಂಪಾಗಿ ಅಂಟಿಕೊಂಡಿರುವುದನ್ನು ಕಾಣಬಹುದು. ಈ ಹೇನು ಹೊಲಕ್ಕೂ ಹಬ್ಬೀತೆಂದು ಎಕ್ಕವನ್ನು ಬುಡಸಮೇತ ಕಡಿಯುವವರಿದ್ದಾರೆ. ಅದು ಅನಗತ್ಯ. ಈ ಹೇನು ಬೆಳೆದು ಹೆಚ್ಚುವುದು ಎಕ್ಕ, ಕಣಗಿಲೆಯಂತಹ ಹಾಲು ಬರುವ ಗಿಡಗಳಲ್ಲಿ. ಜೋಳ, ಅಲಸಂದೆ, ಹತ್ತಿಯನ್ನು ಕಾಡುವ ಹೇನುಗಳೇ ಬೇರೆ. ಆದರೆ ಎಕ್ಕದ ಹೇನನ್ನು ತಿನ್ನಲು ಬರುವ ಗುಲಗಂಜಿ ಹುಳು ಮಾತ್ರ ಬೆಳೆಯ ಹೇನುಗಳನ್ನೂ ತಿನ್ನುತ್ತದೆ. ಹೀಗಾಗಿ ಬದುವಿನ ಎಕ್ಕ ಗುಲಗಂಜಿ ಹುಳುವಿನ ಸಸಿಮಡಿ ಇದ್ದಂತೆ.

ಕೆಂಪು ಅಥವಾ ಹಳದಿ ಬೆನ್ನಿನ ಮೇಲೆ ಕಪ್ಪು ಗುರುತಿರುವ ಪ್ರೌಢ ಗುಲಗಂಜಿ ಹುಳುವನ್ನು ಮಕ್ಕಳೂ ಬಲ್ಲರು. ಅದರ ಮರಿಹುಳುವನ್ನು ದೊಡ್ಡವರೂ ಅರಿಯರು. ಅದು ಕಪ್ಪಾಗಿ, ಉದ್ದಕ್ಕೆ, ಮೈಮೇಲೆ ಕಿತ್ತಳೆ ಬಣ್ಣದ ಮಚ್ಚೆಗಳಿದ್ದು ಪುಟ್ಟ ಮೊಸಳೆಯಂತೆ ಕಾಣುತ್ತದೆ. ನೋಡಲು ಭಯಂಕರವಾಗಿರುವುದರಿಂದ ಇದೇ ಬೆಳೆ ತಿನ್ನುವ ಹುಳುವೆಂದು ಭಾವಿಸಿ ಔಷಧಿ ಸಿಂಪಡಿಸುತ್ತಾರೆ. ಮರಿಹುಳುವಾಗಿದ್ದಾಗಲೇ ಅದು ನೂರಾರು ಹೇನುಗಳನ್ನು ತಿನ್ನುತ್ತದೆ. ಸಿಂಪರಣೆಯಿಂದ ಅದು ಸತ್ತರೆ ಉಳಿದ ಹೇನುಗಳಿಗೆ ಹಬ್ಬ. ಇನ್ನೊಂದು ಎಚ್ಚರಿಕೆ: ಬದನೆಯ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ದುಂಬಿಯೂ ಇದೇ ಕುಟುಂಬದ್ದು. ಅದರ ಬೆನ್ನು ಹೊಳೆಯದೆ, ನವಿರಾದ ರೋಮಗಳಿಂದ ಮಂಕಾಗಿರುತ್ತದೆ. ಮರಿಹುಳು ಹಳದಿಯಾಗಿದ್ದು ಮೈತುಂಬ ಕವಲು ಮುಳ್ಳುಗಳಿರುತ್ತವೆ. ಎರಡರ ಚಿತ್ರವನ್ನೂ ಫೋನಿನಲ್ಲಿ ಇಟ್ಟುಕೊಂಡರೆ ಮುಂದೆ ಅನುಮಾನ ಬರುವುದಿಲ್ಲ.

ಕಂಬಳಿಹುಳು ಅಥವಾ ಬೇರಾವುದೇ ಎಲೆ ತಿನ್ನುವ ಹುಳುವಿನ ಮೈಮೇಲೆ, ಇಲ್ಲವೇ ಪಕ್ಕದಲ್ಲಿ, ಅಕ್ಕಿನುಚ್ಚಿನಂತಹ ಬಿಳಿ ಗೂಡುಗಳು ಕಂಡರೆ ಅವನ್ನು ಮೊಟ್ಟೆಗಳೆಂದು ಹೊಸಕಬೇಡಿ. ಅವು ಆ ಹುಳುವನ್ನು ಒಳಗಿನಿಂದ ತಿಂದು ಹೊರಬಂದ ಪರತಂತ್ರ ಕಣಜದ ಗೂಡುಗಳು.

ಜೇಡಗಳು ಕೀಟಗಳಲ್ಲ, ಅವಕ್ಕೆ ಎಂಟು ಕಾಲು, ರೆಕ್ಕೆಯಿಲ್ಲ. ಎಲ್ಲ ಜೇಡಗಳೂ ಬಲೆ ಕಟ್ಟುತ್ತವೆಂಬುದೂ ಸರಿಯಲ್ಲ. ಕಾಲುಗಳ ತುಂಬ ಮುಳ್ಳಿರುವ ಲಿಂಕ್ಸ್ ಜೇಡ ಹೂವು, ಎಲೆಗಳ ಮೇಲೆ ಹೊಂಚು ಹಾಕಿ ಹಾರಿ ಹಿಡಿಯುತ್ತದೆ. ತೋಳಜೇಡ ನೆಲದ ಮೇಲೆ ಓಡಾಡಿ ಬೇಟೆಯಾಡುತ್ತದೆ. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವನ್ನು ತಿನ್ನುವವರಲ್ಲಿ ಇದು ಮುಂದು. ತಾಯಿ ಜೇಡ ಮೊಟ್ಟೆಚೀಲವನ್ನು ಹಿಂಭಾಗಕ್ಕೆ ಕಟ್ಟಿಕೊಂಡು ತಿರುಗುತ್ತದೆ, ಮರಿಗಳಾದ ಮೇಲೆ ಅವನ್ನು ಬೆನ್ನ ಮೇಲೆ ಹೊರುತ್ತದೆ. ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ನೆಲವನ್ನು ನೋಡಿದರೆ ಇದರ ಕಣ್ಣುಗಳು ಇಬ್ಬನಿಯಂತೆ ಮಿನುಗುತ್ತವೆ. ಜೇಡಕ್ಕೆ ಶತ್ರು, ಮಿತ್ರ ಎಂಬ ಭೇದವಿಲ್ಲ, ಜೇನುನೊಣವನ್ನೂ ತಿನ್ನುತ್ತದೆ. ಆದರೂ ಲೆಕ್ಕ ಹಾಕಿದರೆ ರೈತನಿಗೆ ಲಾಭವೇ.

ಚಿತ್ರ ತೆಗೆಯುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಜೇಬಿನ ಧೂಳೇ ಅರ್ಧ ಚಿತ್ರಗಳನ್ನು ಕೆಡಿಸುತ್ತದೆ. ದೂರದಿಂದ ಜೂಮ್ ಮಾಡುವ ಬದಲು ನಿಧಾನವಾಗಿ ಹತ್ತಿರ ಹೋಗಿ, ಪರದೆಯ ಮೇಲೆ ಹುಳುವಿರುವ ಜಾಗವನ್ನು ಮುಟ್ಟಿ, ಅದು ಸ್ಪಷ್ಟವಾದ ಮೇಲೆ ಗುಂಡಿ ಒತ್ತಿ. ನಿಮ್ಮ ನೆರಳು ಹುಳುವಿನ ಮೇಲೆ ಬೀಳಬಾರದು. ಗಾಳಿಯಿದ್ದರೆ ಎಲೆಯ ತೊಟ್ಟನ್ನು ಇನ್ನೊಂದು ಕೈಯಿಂದ ಹಿಡಿಯಿರಿ. ಇಡೀ ಗಿಡದ್ದೊಂದು, ತಿಂದ ಎಲೆಯದೊಂದು, ಹುಳುವಿನ ಬೆನ್ನು ಮತ್ತು ಪಕ್ಕದ್ದು ಒಂದೊಂದು ಚಿತ್ರವಿರಲಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನಿಡಿ.

ಯಾವ ಭಾಗದ ಚಿತ್ರ ಎಂಬುದೂ ಮುಖ್ಯ. 2018ರಲ್ಲಿ ಮುಸುಕಿನ ಜೋಳದಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಕಂಡುಬಂದದ್ದು ಕರ್ನಾಟಕದಲ್ಲಿ. ಅದನ್ನು ಬೇರೆ ಹುಳುಗಳಿಂದ ಬೇರ್ಪಡಿಸುವುದು ಹಣೆಯ ಮೇಲಿನ ತಲೆಕೆಳಗಾದ ‘ವೈ’ ಆಕಾರದ ಬಿಳಿ ಗೆರೆ ಮತ್ತು ಹಿಂತುದಿಯ ಬಳಿ ಚೌಕವಾಗಿರುವ ನಾಲ್ಕು ಕಪ್ಪು ಚುಕ್ಕೆಗಳು. ನಡುಮೈಯ ಚಿತ್ರ ಎಷ್ಟೇ ಅಂದವಾಗಿದ್ದರೂ ಅದರಿಂದ ತಜ್ಞರಿಗೆ ಪ್ರಯೋಜನವಿಲ್ಲ.

ಕಲ್ಲನ್ನು ಎತ್ತಿದರೆ ನಿಮ್ಮ ಕಡೆಗೆ ಎತ್ತಿ, ಅಡಿಯಲ್ಲಿ ಚೇಳಿದ್ದರೆ ಅದು ಆಚೆಗೆ ಹೋಗುತ್ತದೆ. ನೋಡಿದ ಮೇಲೆ ಕಲ್ಲನ್ನು ಮೊದಲಿನಂತೆಯೇ ಇಡಿ. ಹೆಜ್ಜೇನಿನ ಹತ್ತಿರ ಹೋಗಬೇಡಿ.

ಬೇಸಿಗೆಯ ಮೊದಲ ಹದಮಳೆ ಬಿದ್ದ ಸಂಜೆ ಮಾತ್ರ ತಪ್ಪದೆ ಹೊರಡಿ. ಕಬ್ಬು, ನೆಲಗಡಲೆಯ ಬೇರು ತಿನ್ನುವ ಗೊಣ್ಣೆ ಹುಳುವಿನ ದುಂಬಿಗಳು ಅಂದು ಕತ್ತಲಾಗುತ್ತಿದ್ದಂತೆ ಮಣ್ಣಿನಿಂದೆದ್ದು ಬೇವು, ಜಾಲಿ ಮರಗಳಿಗೆ ಮುತ್ತುತ್ತವೆ. ಚಿತ್ರದೊಡನೆ ದಿನಾಂಕ, ಮರದ ಹೆಸರು ಬರೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿ. ಉತ್ತರಕ್ಕೆ ಕಾಯದೆ ನೆರೆಹೊರೆಯವರನ್ನು ಕೂಡಿಸಿಕೊಂಡು ಕೊಂಬೆ ಅಲುಗಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಅವು ಮಣ್ಣಿಗೆ ಮರಳಿ ಮೊಟ್ಟೆಯಿಟ್ಟ ಮೇಲೆ ಈ ಕೆಲಸ ನಡೆಯುವುದಿಲ್ಲ.