ವೈರ್ ಇಲ್ಲದ ಡ್ರಿಲ್, ಗ್ರೈಂಡರ್: ಬ್ಯಾಟರಿ ತೆಗೆದ ಮೇಲಷ್ಟೇ ಮಷಿನ್ ಬಂದ್

ವೈರ್ ಇರುವ ಡ್ರಿಲ್ ಮಷಿನ್ನಿನ ಬಿಟ್ ಬದಲಿಸುವ ಮೊದಲು ಪ್ಲಗ್ ಕೀಳುವುದು ಹಲವರಿಗೆ ಅಭ್ಯಾಸ. ಬ್ಯಾಟರಿಯ ಮಷಿನ್ ಕೈಗೆ ಬಂದ ಮೇಲೆ ಆ ಅಭ್ಯಾಸ ತಪ್ಪುತ್ತದೆ. ಕೀಳಲು ಪ್ಲಗ್ಗೇ ಇಲ್ಲವಲ್ಲ! ಸ್ವಿಚ್ಚಿನಿಂದ ಬೆರಳು ತೆಗೆದರೆ ಮಷಿನ್ ಬಂದ್ ಆಯಿತು ಎಂದುಕೊಳ್ಳುತ್ತೇವೆ. ನಿಜವಾಗಿ, ಬ್ಯಾಟರಿ ಒಳಗಿರುವವರೆಗೂ ಅದು ಪ್ಲಗ್ಗಿಗೆ ಸಿಕ್ಕಿಸಿಟ್ಟ ಮಷಿನ್ನೇ.

ಪುಣೆಯ ಹಿಂಜವಡಿ, ವಾಕಡ್ ಕಡೆಯ ಹೊಸ ಫ್ಲ್ಯಾಟುಗಳಲ್ಲಿ ಫರ್ನಿಚರ್, ಗ್ರಿಲ್, ಸೀಲಿಂಗ್ ಕೆಲಸ ಮಾಡುವವರಲ್ಲಿ ಕಲಬುರಗಿ, ವಿಜಯಪುರ ಕಡೆಯವರೂ ಇದ್ದಾರೆ. ಪರದೆಯ ರಾಡ್ ಹಾಕಲೆಂದು ಒಂದು ಕಾರ್ಡ್‌ಲೆಸ್ ಡ್ರಿಲ್ ತಂದಿಟ್ಟುಕೊಂಡ ಮನೆಯವರೂ ಇದ್ದಾರೆ. ಈ ಮಾತು ಇಬ್ಬರಿಗೂ, ಅವರ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೂ ಬೇಕಾದದ್ದು.

ಬೆರಳು ಹೋಗುವುದು ಯಾವಾಗ?

18 ವೋಲ್ಟಿನ ಬ್ಯಾಟರಿ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ 4 ಇಂಚಿನ ಗ್ರೈಂಡರಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 8,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸ್ವಿಚ್ ಬಿಟ್ಟ ಮೇಲೂ ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ. ಬಿಟ್ ಬದಲಿಸುವಾಗ, ಸಿಕ್ಕಿಕೊಂಡ ಚೂರು ತೆಗೆಯುವಾಗ, ಏಣಿಯ ಮೇಲಿದ್ದವರಿಗೆ ಮಷಿನ್ ಎತ್ತಿಕೊಡುವಾಗ ಸ್ವಿಚ್ ಒತ್ತಿಹೋಗಬಹುದು. ಮಗು ಆಟಕ್ಕೆ ಒತ್ತಿದರೂ ಅಷ್ಟೇ. ಆದ್ದರಿಂದ ಬಿಟ್, ಬ್ಲೇಡ್, ಡಿಸ್ಕ್ ಮುಟ್ಟುವ ಮೊದಲು ಬ್ಯಾಟರಿ ಹೊರಗೆ ಬರಬೇಕು. ಕೆಲಸ ಮುಗಿದ ಮೇಲೆ ಬ್ಯಾಟರಿಯನ್ನು ಬೇರೆಯಾಗಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಇನ್ನೊಂದು ಕೆಟ್ಟ ರೂಢಿಯಿದೆ. ಲೋಹ ಕೊಯ್ಯುವ ಸಣ್ಣ ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಿ, ಅಡ್ಡ ಬರುತ್ತದೆಂದು ಗಾರ್ಡ್ ಬಿಚ್ಚಿಡುವುದು. ಮರದ ಗಂಟಿಗೆ ಹಲ್ಲು ಸಿಕ್ಕಿದರೆ ಮಷಿನ್ ಕೈಯಿಂದ ಜಿಗಿದು ಹಿಡಿದವರ ಕಡೆಗೇ ಬರುತ್ತದೆ. ಅದನ್ನು ತಡೆಯುವಷ್ಟು ಬೇಗ ಯಾರ ಕೈಯೂ ಆಡುವುದಿಲ್ಲ. ಎಷ್ಟೇ ಪಳಗಿದ ಬಡಗಿಯಾದರೂ ಇದನ್ನು ಮಾಡಬಾರದು. ಮರಕ್ಕೆ ಮರದ ಗರಗಸದ ಮಷಿನ್ನೇ ಬೇಕು. ಡಿಸ್ಕಿನ ಮೇಲೆ ಬರೆದಿರುವ ವೇಗವು ಮಷಿನ್ನಿನ ವೇಗಕ್ಕಿಂತ ಕಡಿಮೆ ಇರಕೂಡದು. ಬಿರುಕು ಬಿಟ್ಟ, ಅವಧಿ ಮುಗಿದ ಡಿಸ್ಕ್ ಎಸೆಯಿರಿ.

ಡ್ರಿಲ್ ಹಿಡಿಯುವಾಗ ಸಡಿಲ ಬಟ್ಟೆಯ ಗ್ಲೌಸ್ ಬೇಡ. ಬಿಟ್ಟಿಗೆ ಸುತ್ತಿಕೊಂಡು ಬೆರಳನ್ನೇ ಎಳೆಯುತ್ತದೆ. ಮಣಿಕಟ್ಟಿನ ದಾರ, ಬಳೆ, ದುಪಟ್ಟಾ, ಬಿಚ್ಚಿದ ಕೂದಲಿಗೂ ಇದೇ ಮಾತು. ಓದುವ ಕನ್ನಡಕ ಕಣ್ಣನ್ನು ಕಾಯುವುದಿಲ್ಲ. ಪಕ್ಕವೂ ಮುಚ್ಚುವ ಗಾಗಲ್ ಹಾಕಿ. ಕಾಂಕ್ರೀಟ್ ಕೊರೆದಾಗ ಏಳುವ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಎನ್‌95 ಮಾಸ್ಕ್ ಹಾಕಿ. ಧೂಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಮನೆಯಲ್ಲಿ ರೋಗಿ ಇದ್ದರೆ

ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ಇರುವ ಕೋಣೆಯಲ್ಲಿ ಡ್ರಿಲ್, ಗ್ರೈಂಡರ್ ಓಡಿಸಬೇಡಿ, ಬ್ಯಾಟರಿ ಚಾರ್ಜಿಗೂ ಇಡಬೇಡಿ. ಆಕ್ಸಿಜನ್ ಹೆಚ್ಚಿರುವ ಗಾಳಿಯಲ್ಲಿ ಒಂದು ಕಿಡಿ ಸಾಕು. ಹಾಸಿಗೆ, ಬಟ್ಟೆಗೆ ಬೆಂಕಿ ಬೇಗ ಹತ್ತಿ ಜೋರಾಗಿ ಉರಿಯುತ್ತದೆ.

ಪೇಸ್‌ಮೇಕರ್ ಇರುವವರು ಇಂಥ ಮಷಿನ್ ಅನ್ನು ಎದೆಗೆ ಒತ್ತಿ ಹಿಡಿಯಬಾರದು. ಕನಿಷ್ಠ 15 ಸೆಂ.ಮೀ. ದೂರ ಎನ್ನುವುದು ಸಾಮಾನ್ಯ ಸಲಹೆ. ನಿಮ್ಮ ಪೇಸ್‌ಮೇಕರ್‌ನ ಪುಸ್ತಿಕೆ, ನಿಮ್ಮ ವೈದ್ಯರು ಹೇಳಿದ್ದೇ ಕೊನೆಯ ಮಾತು. ತಲೆ ಸುತ್ತಿದರೆ ಮಷಿನ್ ಬಿಟ್ಟು ದೂರ ಸರಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಗಾಯದಲ್ಲೂ ರಕ್ತ ಬೇಗ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಬೆರಳು ಜೋಮು ಹಿಡಿದವರಿಗೆ ಹಿಡಿತ ಜಾರಿದ್ದು ತಿಳಿಯುವುದಿಲ್ಲ. ಮೂರ್ಛೆ ರೋಗದವರು, ಮಂಪರು ಬರಿಸುವ ಶೀತದ ಮಾತ್ರೆ ನುಂಗಿದವರು ಆ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಸರಿ.

ಬ್ಯಾಟರಿಯ ಆರೈಕೆ

ಲಿಥಿಯಂ ಬ್ಯಾಟರಿಗೆ ಬಿಸಿಲು ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಪುಣೆಯ ಬಿಸಿ 40 ಡಿಗ್ರಿ ಮುಟ್ಟುವಾಗ ತಗಡಿನ ಶೆಡ್, ಸ್ಕೂಟರಿನ ಡಿಕ್ಕಿ ಇನ್ನೂ ಕಾಯುತ್ತವೆ. ಅಲ್ಲಿ ಇಡಬೇಡಿ. ಬಳಸಿ ಬಿಸಿಯಾದ ಬ್ಯಾಟರಿ ತಣ್ಣಗಾದ ಮೇಲೆ ಅದರದೇ ಚಾರ್ಜರಿನಿಂದ ಚಾರ್ಜ್ ಮಾಡಿ. ಸೈಟಿನ ಕೋಣೆಯಲ್ಲಿ ಹತ್ತು ಜನ ಮಲಗಿರುವಾಗ ಬಾಗಿಲ ಹತ್ತಿರದ ಬೋರ್ಡಿಗೆ ರಾತ್ರಿಯಿಡೀ ಸಿಕ್ಕಿಸಿಡುವುದು ತೀರಾ ಅಪಾಯ: ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿಯೇ ಮುಚ್ಚುತ್ತದೆ. ಉಬ್ಬಿದ, ನೀರಿಗೆ ಬಿದ್ದ, ಸೋರುವ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಮೊಳೆ, ಸ್ಕ್ರೂ ಇರುವ ಚೀಲದಲ್ಲಿ ಬ್ಯಾಟರಿಯನ್ನು ಬರಿದೇ ಹಾಕಬೇಡಿ, ಪಿನ್ನುಗಳಿಗೆ ಲೋಹ ತಾಗಿ ಶಾರ್ಟ್ ಆಗುತ್ತದೆ. ಹೊಗೆ ಬಂದರೆ ಅದು ವಿಷ. ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ.

ಮಷಿನ್ ಸ್ವಚ್ಛ ಮಾಡುವಾಗಲೂ ಮೊದಲು ಬ್ಯಾಟರಿ ತೆಗೆಯಿರಿ. ಗಾಳಿ ಕಿಂಡಿಯ ಧೂಳಿಗೆ ಒಣ ಬ್ರಷ್ ಸಾಕು, ನೀರು ಬೇಡ. ಹಾಳಾದ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕಬೇಡಿ. ಪುಣೆಯಲ್ಲಿ ಮನೆಮನೆಯ ಕಸ ಒಯ್ಯುವ ‘ಸ್ವಚ್ಛ್’ ಸಹಕಾರ ಸಂಘದ ಹೆಂಗಸರು ಅದನ್ನು ಕೈಯಿಂದಲೇ ಬೇರ್ಪಡಿಸುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಅದನ್ನು ಬೇರೆಯಾಗಿಯೇ ಕೊಡಬೇಕು.

ಬೆರಳು ತುಂಡಾದರೆ

ಮೊದಲು ಮನುಷ್ಯ, ಆಮೇಲೆ ಬೆರಳು. ಗಾಯದ ಮೇಲೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ಆಗಾಗ ತೆಗೆದು ನೋಡಬೇಡಿ. ಅರಿಶಿನ, ಕಾಫಿಪುಡಿ, ತಂಬಾಕು ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಈಗ ತುಂಡಾದ ಬೆರಳು. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. ಬೆರಳು ನೇರವಾಗಿ ಐಸಿಗೆ ತಾಗಿದರೆ ಹೆಪ್ಪುಗಟ್ಟಿ ಸಾಯುತ್ತದೆ. ಸರಿಯಾಗಿ ತಂಪಾಗಿಟ್ಟ ಬೆರಳನ್ನು ಸುಮಾರು 24 ಗಂಟೆಯ ತನಕ, ಹಾಗೇ ಬಿಟ್ಟದ್ದನ್ನು ಸುಮಾರು 12 ಗಂಟೆಯ ತನಕ ಜೋಡಿಸಲು ವೈದ್ಯರು ಪ್ರಯತ್ನಿಸಬಹುದು. ಎಲ್ಲ ಬೆರಳೂ ಕೂಡುವುದಿಲ್ಲ, ಬೇಗ ಹೋದಷ್ಟೂ ಒಳ್ಳೆಯದು.

ಪುಣೆ ರೈಲು ನಿಲ್ದಾಣದ ಬಳಿ ಸರ್ಕಾರಿ ಸಸೂನ್ ಆಸ್ಪತ್ರೆ, ಪಿಂಪ್ರಿಯಲ್ಲಿ ಮಹಾನಗರಪಾಲಿಕೆಯ ವೈ.ಸಿ.ಎಂ. ಆಸ್ಪತ್ರೆ ಇವೆ. ಬೆರಳು ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಈಗ ಇದ್ದಾರೆಯೇ ಎಂದು ದಾರಿಯಲ್ಲೇ ಫೋನಿನಲ್ಲಿ ಕೇಳಿ. ಮರಾಠಿ ಬರದಿದ್ದರೆ ಇಷ್ಟು ಹೇಳಿ: “ಬೋಟ ಕಾಪಲಂ ಆಹೇ, ತುಟಲೇಲಂ ಬೋಟ ಸೋಬತ ಆಹೇ.” ಬೆರಳು ಕತ್ತರಿಸಿದೆ, ತುಂಡು ಜೊತೆಗಿದೆ ಎಂದರ್ಥ. ಆಪರೇಷನ್ ಬೇಕಾಗಬಹುದು, ಗಾಯಗೊಂಡವರಿಗೆ ಚಹಾ, ತಿಂಡಿ ಕೊಡಬೇಡಿ. ಗಾಯವಾದ ಹೊತ್ತು, ದಿನವೂ ತೆಗೆದುಕೊಳ್ಳುವ ಮಾತ್ರೆ, ಕೊನೆಯ ಟಿಟಿ ಚುಚ್ಚುಮದ್ದು ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೆ ಒಯ್ಯಿರಿ.