ಮರದ ಮೇಲಿನ ಹಣ್ಣಿಗೆ ಬೆಲೆ ಕಟ್ಟುವವರು ಯಾರು?
ಸ್ಪೇನ್ ದೇಶದ ಕಿತ್ತಳೆ ಬೆಳೆಗಾರರ ಅನುಭವದಿಂದ ಒಂದು ಪಾಠ



ಬೆಳೆಯುವುದು ಒಂದು ವಿದ್ಯೆಯಾದರೆ ಬೆಳೆದುದನ್ನು ಮಾರುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ನಿಪುಣರಾದವರು ಎರಡನೆಯದರಲ್ಲಿ ಸೋಲುವುದು ನಮ್ಮಲ್ಲಿ ಮಾತ್ರವಲ್ಲ, ಮುಂದುವರಿದ ದೇಶಗಳಲ್ಲಿಯೂ ಉಂಟು. ತಾಜಾ ಕಿತ್ತಳೆ ಜಾತಿಯ ಹಣ್ಣುಗಳ ರಫ್ತಿನಲ್ಲಿ ಜಗತ್ತಿಗೇ ಮುಂಚೂಣಿಯಲ್ಲಿರುವ ಸ್ಪೇನ್ ದೇಶವೇ ಇದಕ್ಕೆ ಉದಾಹರಣೆ.

ಸ್ಪೇನಿನ ಪೂರ್ವ ಕರಾವಳಿಯ ವೇಲೆನ್ಸಿಯ ಸೀಮೆ ಈ ಬೆಳೆಯ ಹಳೆಯ ತವರು. ಅಲ್ಲಿನವರು ಆರೆಂಜ್ ಎನ್ನುವ ಹಣ್ಣು ನಮ್ಮ ಮೂಸಂಬಿಯ ಜಾತಿಗೆ ಸೇರಿದ್ದು. ಸಿಪ್ಪೆ ಸಲೀಸಾಗಿ ಬಿಡುವ ಕ್ಲೆಮೆಂಟೈನ್ ಹಣ್ಣು ನಮ್ಮ ಕೊಡಗಿನ ಕಿತ್ತಳೆಯ ಬಳಗದ್ದು. ಅಲ್ಲಿ ಹಿಡುವಳಿಗಳು ಬಲು ಚಿಕ್ಕವು. ಜಮೀನನ್ನು ಅಳೆಯುವುದು ‘ಹನೆಗಾದ’ ಎಂಬ ಹಳೆಯ ಅಳತೆಯಲ್ಲಿ. ಒಂದು ಹನೆಗಾದ ಎಂದರೆ 831 ಚದರ ಮೀಟರು, ನಮ್ಮ ಲೆಕ್ಕದಲ್ಲಿ ಸುಮಾರು 8 ಗುಂಟೆ. ಹತ್ತು ಹನೆಗಾದ ತೋಟವುಳ್ಳವನಿಗೆ ಇರುವುದು ಎರಡು ಎಕರೆ ಮಾತ್ರ!

ಮಾರುವ ಮೂರು ವಿಧಾನಗಳು

ಹಣ್ಣು ಇನ್ನೂ ಮರದಲ್ಲಿರುವಾಗಲೇ ವ್ಯಾಪಾರ ಕುದುರುವುದು ಅಲ್ಲಿನ ರೂಢಿ. ಖರೀದಿದಾರನ ಪರವಾಗಿ ದಲ್ಲಾಳಿ ತೋಟಕ್ಕೆ ಬರುತ್ತಾನೆ. ಸಾಮಾನ್ಯವಾಗಿ ಕೊಯ್ಲಿನ ಆಳುಗಳನ್ನು ಕಳಿಸುವುದೂ ಕೂಲಿ ಕೊಡುವುದೂ ಖರೀದಿದಾರನ ಹೊಣೆ. ಆದ್ದರಿಂದ ‘ಮರದ ಮೇಲಿನ ಬೆಲೆ’ ಎಂದರೆ ಕೊಯ್ಲಿನ ಖರ್ಚು ಸೇರದ ಬೆಲೆ ಎಂದು ತಿಳಿಯಬೇಕು.

ಮೊದಲನೆಯದು, ಕಣ್ಣಂದಾಜಿನ ಮಾರಾಟ. ತೋಟವನ್ನು ಸುತ್ತಿ ನೋಡಿ ಇಡೀ ಫಸಲಿಗೆ ಒಂದೇ ಮೊತ್ತ ಕಟ್ಟುತ್ತಾರೆ. ನಮ್ಮ ಶ್ರೀನಿವಾಸಪುರದ ಕಡೆ ಮಾವಿನ ತೋಪನ್ನು ಗುತ್ತಿಗೆ ಕೊಡುವಂತೆಯೇ ಇದು. ಮರದ ಫಸಲನ್ನು ಹೀಗೆ ಅಂದಾಜು ಮಾಡಲು ಪಳಗಿದ ಕಣ್ಣಿನವರೇ ಅಲ್ಲಿದ್ದಾರೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಎರಡು ಎಕರೆ ತೋಟದಲ್ಲಿ 20 ಟನ್ ಇದೆ ಎಂದು ಅಂದಾಜಾಯಿತು, ಕಿಲೋಗೆ 25 ಸೆಂಟಿನಂತೆ 5,000 ಯೂರೋಗೆ ಮಾತು ಮುಗಿಯಿತು. ಕೊಯ್ದಾಗ 24 ಟನ್ ಬಂದರೆ ಬೆಳೆಗಾರನ ಕೈತಪ್ಪಿದ್ದು 1,000 ಯೂರೋ. ಕಡಿಮೆ ಬಂದರೆ ನಷ್ಟ ವ್ಯಾಪಾರಿಯದು. ಹಣ್ಣನ್ನು ಎಣಿಸಬಲ್ಲವನ ಕೈ ಇಲ್ಲಿ ಮೇಲು.

ಎರಡನೆಯದು, ತೂಕದ ಮಾರಾಟ. ಕಿಲೋಗೆ ಅಥವಾ ಸುಮಾರು 12.8 ಕಿಲೋ ತೂಗುವ ‘ಅರೋಬ’ಕ್ಕೆ ಇಷ್ಟೆಂದು ಮೊದಲೇ ನಿಗದಿ ಮಾಡಿ, ಕೊಯ್ದಾಗ ತೂಗಿ ಹಣ ಕೊಡುವುದು. ಇದು ನ್ಯಾಯವಾದುದೇ. ಆದರೆ ಚಿಕ್ಕ ಹಣ್ಣು, ಕಲೆ ಬಿದ್ದ ಹಣ್ಣನ್ನು ಯಾರ ಲೆಕ್ಕಕ್ಕೆ ಹಿಡಿಯಬೇಕು ಎಂಬುದನ್ನು ಮೊದಲೇ ಮಾತನಾಡಿರಬೇಕು.

ಮೂರನೆಯದು ತೀರ ಅಪಾಯದ್ದು. ಬೆಲೆಯನ್ನೇ ಹೇಳದೆ ಹಣ್ಣನ್ನು ಒಯ್ಯುವುದು. ಮಾರಾಟವಾದ ಮೇಲೆ ಖರ್ಚು ಕಳೆದು ಉಳಿದುದನ್ನು ಕೊಡುವುದು. ಪೇಟೆ ಕುಸಿದ ವರ್ಷ ಬೇರೆ ಗಿರಾಕಿ ಸಿಗದ ಬೆಳೆಗಾರ ಇದಕ್ಕೂ ಒಪ್ಪಿಬಿಡುತ್ತಾನೆ. ಕೊಯ್ಲು, ವಿಂಗಡಣೆ, ಸಾಗಣೆ, ಅಂಗಡಿ ಎಲ್ಲರ ಪಾಲೂ ಮುಂಚೆ ಸಂದು, ಪೇಟೆಯ ಏರಿಳಿತದ ಹೊರೆ ಮಾತ್ರ ತೋಟದವನ ತಲೆಗೆ ಬೀಳುತ್ತದೆ.

ಬೆಲೆ ಕುಸಿಯುವುದೇಕೆ?

ಹಣ್ಣಿಗೆ ಕಾಯುವ ಶಕ್ತಿ ಕಡಿಮೆ. 1953ರಲ್ಲಿ ನೂಲೆಸ್ ಎಂಬ ಊರಿನಲ್ಲಿ ಕಂಡುಬಂದ ‘ಕ್ಲೆಮೆನೂಲೆಸ್’ ತಳಿ ರುಚಿಗೂ ಇಳುವರಿಗೂ ಹೆಸರಾಯಿತು. ಎಲ್ಲರೂ ಅದನ್ನೇ ನೆಟ್ಟರು. ಪರಿಣಾಮವಾಗಿ ನವೆಂಬರಿನಿಂದ ಜನವರಿಯೊಳಗೆ ಎಲ್ಲರ ಹಣ್ಣೂ ಒಟ್ಟಿಗೇ ಪೇಟೆಗೆ ನುಗ್ಗುತ್ತದೆ. ಹೆಚ್ಚು ದಿನ ಮರದಲ್ಲೇ ಬಿಟ್ಟರೆ ಸಿಪ್ಪೆ ಉಬ್ಬಿ ಸಡಿಲವಾಗುತ್ತದೆ. ಮುಂದಿನ ವರ್ಷದ ಹೂವೂ ಕುಗ್ಗುತ್ತದೆ. ಹಿಮದ ಭಯ ಬೇರೆ. 1956ರ ಫೆಬ್ರವರಿಯ ಹಿಮಪಾತದಿಂದ ಆ ಸೀಮೆಯ ತೋಟಗಳಿಗೆ ಬಿದ್ದ ಪೆಟ್ಟನ್ನು ಅಲ್ಲಿನ ಜನ ಮರೆತಿಲ್ಲ. ಗಾಳಿ ಬಂದಾಗ ತೂರಿಕೊ ಎನ್ನುತ್ತೇವೆ. ಆದರೆ ಎಲ್ಲರೂ ಒಂದೇ ಗಾಳಿಗೆ ತೂರಲು ನಿಂತಾಗ ಬೆಲೆ ಹೇಳುವವನು ಕೊಳ್ಳುವವನೇ.

ಎರಡನೆಯ ಕಾರಣ, ಗಿರಾಕಿಗಳ ಸಂಖ್ಯೆ. 1986ರ ಜನವರಿ 1ರಂದು ಸ್ಪೇನ್ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿತು. ಕಾಲಕ್ರಮೇಣ ಜರ್ಮನಿ, ಫ್ರಾನ್ಸ್ ಮುಂತಾದ ದೊಡ್ಡ ಪೇಟೆಗಳ ಬಾಗಿಲು ಸುಂಕವಿಲ್ಲದೆ ತೆರೆಯಿತು. ಆದರೆ ಆ ಬಾಗಿಲಲ್ಲಿ ಕುಳಿತವರು ಕೆಲವೇ ದೊಡ್ಡ ಅಂಗಡಿ ಸರಣಿಗಳು. ಮಾರುವವರು ಸಾವಿರಾರು, ಕೊಳ್ಳುವವರು ಬೆರಳೆಣಿಕೆ!

ಮೂರನೆಯದು ಹೊರಗಿನ ಹಣ್ಣು. ದಕ್ಷಿಣ ಆಫ್ರಿಕ ಭೂಮಿಯ ಕೆಳಭಾಗದಲ್ಲಿರುವುದರಿಂದ ಅಲ್ಲಿನ ಋತು ತಿರುಗುಮುರುಗು. 2016ರ ಒಪ್ಪಂದದಂತೆ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಆ ಕಿತ್ತಳೆಯ ಮೇಲಿನ ಸುಂಕವನ್ನು ಹಂತಹಂತವಾಗಿ ಇಳಿಸಲಾಯಿತು. ಸ್ಪೇನಿನ ಮೊದಲ ಕೊಯ್ಲು ಪೇಟೆಗೆ ಬರುವುದೂ ಅದೇ ದಿನಗಳಲ್ಲಿ. 2018-19ರ ಹಂಗಾಮಿನಲ್ಲಿ ಬೆಲೆ ನೆಲಕಚ್ಚಿ ಎಷ್ಟೋ ತೋಟಗಳಲ್ಲಿ ಹಣ್ಣು ಮರದಲ್ಲೇ ಉಳಿಯಿತು. ಬೆಳೆಗಾರರ ಸಂಘಗಳು ಇದಕ್ಕೆ ಒಪ್ಪಂದವನ್ನು ದೂರಿದವು. ಅತಿ ಫಸಲು, ಚಿಕ್ಕ ಗಾತ್ರದ ಹಣ್ಣುಗಳೂ ಇದರಲ್ಲಿ ಸೇರಿದ್ದವು.

ಕಾನೂನು ಏನು ಹೇಳುತ್ತದೆ?

ಸ್ಪೇನ್ ಸರಕಾರ 2013ರಲ್ಲಿ ಆಹಾರ ಸರಪಣಿ ಕಾನೂನನ್ನು ತಂದಿತು. 2020ರ ಆರಂಭದಲ್ಲಿ ರೈತರು ಟ್ರ್ಯಾಕ್ಟರುಗಳೊಡನೆ ಬೀದಿಗಿಳಿದ ಮೇಲೆ ಅದೇ ಫೆಬ್ರವರಿಯಲ್ಲಿ ಅದನ್ನು ಬಿಗಿಗೊಳಿಸಲಾಯಿತು. 2021ರ ಡಿಸೆಂಬರಿನಲ್ಲಿ ಮತ್ತೊಮ್ಮೆ ತಿದ್ದುಪಡಿಯಾಯಿತು. ಅದರ ಸಾರ ಹೀಗಿದೆ: ಕರಾರು ಬರಹದಲ್ಲಿರಬೇಕು, ಅದರಲ್ಲಿ ಬೆಲೆ ಅಥವಾ ಬೆಲೆ ಕಟ್ಟುವ ಸೂತ್ರ ಇರಬೇಕು, ಆ ಬೆಲೆ ರೈತನ ಉತ್ಪಾದನಾ ವೆಚ್ಚಕ್ಕಿಂತ ಹೆಚ್ಚಿರಬೇಕು, ಬೇಗ ಕೆಡುವ ಮಾಲಿನ ಹಣ 30 ದಿನಗಳೊಳಗೆ ಸಲ್ಲಬೇಕು. ತಪಾಸಣೆಗೆ ಸರಕಾರಿ ಸಂಸ್ಥೆಯೂ, ತಪ್ಪಿದವರಿಗೆ ದಂಡವೂ ಇದೆ.

ಕಾನೂನು ಒಳ್ಳೆಯದೇ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಿ. ‘ಈ ಬೆಲೆ ನನ್ನ ವೆಚ್ಚವನ್ನು ತುಂಬಿಸುತ್ತದೆ’ ಎಂಬ ಒಂದು ಸಾಲು ಕರಾರಿನಲ್ಲಿ ಅಚ್ಚಾಗಿರುತ್ತದೆ; ಅದರ ಕೆಳಗೆ ರೈತ ಸಹಿ ಮಾಡಿಬಿಡುತ್ತಾನೆ ಎಂಬುದು ಅಲ್ಲಿನ ಬೆಳೆಗಾರರ ಸಂಘಗಳ ದೂರು. ಹಣ್ಣು ಮಾಗಿ ನಿಂತಿರುವಾಗ ಸಹಿ ಮಾಡದೆ ಅವನಾದರೂ ಏನು ಮಾಡಿಯಾನು? ತನ್ನ ವೆಚ್ಚವನ್ನು ತಾನೇ ಬರೆದಿಡದವನಿಗೆ ಆ ಸಾಲು ಸುಳ್ಳೆಂದು ತೋರಿಸಲು ಆಧಾರವೂ ಇರುವುದಿಲ್ಲ.

ಸಹಕಾರದ ಹಾದಿ

ಇನ್ನೊಂದು ಹಾದಿ ಸಹಕಾರ ಸಂಘಗಳದ್ದು. ಊರಿನ ಸಂಘಗಳು ಸೇರಿ 1975ರಲ್ಲಿ ವೇಲೆನ್ಸಿಯದಲ್ಲಿ ‘ಅನೆಕೋಪ್’ ಎಂಬ ಒಕ್ಕೂಟ ಕಟ್ಟಿಕೊಂಡವು. ದೊಡ್ಡ ಗಿರಾಕಿಯ ಮುಂದೆ ನೂರು ಜನ ಬೇರೆ ಬೇರೆ ನಿಲ್ಲುವ ಬದಲು ಒಬ್ಬನಾಗಿ ನಿಲ್ಲುವುದೇ ಇದರ ಉದ್ದೇಶ. ಸಂಘದಲ್ಲಿಯೂ ಹಣ್ಣು ಕೊಟ್ಟ ದಿನ ಪೂರ್ತಿ ಬೆಲೆ ತಿಳಿಯದು. ಲೆಕ್ಕ ತೀರುವುದು ಹಂಗಾಮು ಮುಗಿದ ಮೇಲೆ. ಆದರೆ ಆ ಲೆಕ್ಕದ ಪುಸ್ತಕ ಸದಸ್ಯರದೇ, ಮಹಾಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕೂ ಅವರದೇ. ಹಾಗೆಂದು ಸಂಘ ಮಾಯಾದಂಡವಲ್ಲ. ಪೇಟೆ ಬಿದ್ದ ವರ್ಷ ಸಂಘದ ಸದಸ್ಯರಿಗೂ ಕಡಿಮೆಯೇ ಸಿಗುತ್ತದೆ.

ನಾವು ತಿಳಿಯಬೇಕಾದುದು

ವೇಲೆನ್ಸಿಯದಲ್ಲಿ ಒಳ್ಳೆಯ ನೀರಾವರಿಯಿದೆ, ಸುಧಾರಿತ ತಳಿಗಳಿವೆ, ಸುಂಕವಿಲ್ಲದ ಪೇಟೆಯಿದೆ, ಕಾನೂನೂ ಇದೆ. ಆದರೂ ಅಲ್ಲಿ ಪಾಳುಬಿದ್ದ ಕಿತ್ತಳೆ ತೋಟಗಳನ್ನು ಕಾಣಬಹುದು. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಬೆಲೆಯಿಲ್ಲದ ಇಳುವರಿ ತೋಟವನ್ನು ಉಳಿಸುವುದಿಲ್ಲ.

ಆದ್ದರಿಂದ ಮಾವು, ದಾಳಿಂಬೆ, ಮೂಸಂಬಿ, ಯಾವುದೇ ಫಸಲನ್ನು ಮರದಲ್ಲೇ ಮಾರುವವರು ನಾಲ್ಕು ಮಾತುಗಳನ್ನು ಮರೆಯಬಾರದು. ಒಂದು, ಗೊಬ್ಬರ, ಔಷಧಿ, ನೀರು, ಆಳು ಮತ್ತು ಮನೆಯವರ ದುಡಿಮೆ ಸೇರಿಸಿ ಕಿಲೋಗೆ ಬಿದ್ದ ವೆಚ್ಚವನ್ನು ಪುಸ್ತಕದಲ್ಲಿ ಬರೆದಿಡಿ. ಎರಡು, ದಲ್ಲಾಳಿ ಬರುವ ಮೊದಲು ಹತ್ತು ಮರಗಳ ಹಣ್ಣನ್ನಾದರೂ ಎಣಿಸಿ ನಿಮ್ಮದೇ ಅಂದಾಜು ಮಾಡಿಕೊಳ್ಳಿ. ಮೂರು, ದರ, ತೂಕ, ತಿರಸ್ಕೃತ ಹಣ್ಣಿನ ಲೆಕ್ಕ, ಹಣ ಕೊಡುವ ದಿನಾಂಕ, ಇವಿಷ್ಟನ್ನು ಕಾಗದದ ಮೇಲೆ ಬರೆಸಿ. ನಾಲ್ಕು, ದರ ಹೇಳದವನಿಗೆ ಹಣ್ಣು ಕೊಡಬೇಡಿ. ಒಬ್ಬರೇ ಹೀಗೆ ಪಟ್ಟು ಹಿಡಿಯುವುದು ಕಷ್ಟ. ಊರಿನ ಹತ್ತು ಬೆಳೆಗಾರರು ಮುಂಚೆಯೇ ಕುಳಿತು ಮಾತನಾಡಿಕೊಂಡರೆ ಸಾಧ್ಯ. ಆ ಮಾತುಕತೆ ಹೂವು ಕಟ್ಟುವ ಕಾಲಕ್ಕೇ ನಡೆಯಲಿ, ಹಣ್ಣು ಮಾಗಿದ ಮೇಲಲ್ಲ.