ನೆಲದ ಸೀತಾಳೆ: ಒಂದು ಪರಿಚಯ

ಸೀತಾಳೆ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಮಲೆನಾಡಿನ ಮರದ ಕೊಂಬೆಯಿಂದ ಇಳಿಬಿದ್ದ ಹೂದಂಡೆ. ಹೈದರಾಬಾದಿನ ಅಬಿಡ್ಸ್‌ನಂತಹ ಪೇಟೆಯಲ್ಲಿ ನೆಲೆಸಿದ ಕನ್ನಡಿಗರಿಗಾದರೋ ಆರ್ಕಿಡ್ ಎಂದರೆ ಸನ್ಮಾನದ ಹೂಗುಚ್ಛದಲ್ಲಿ ಬರುವ ನೇರಿಳೆ ಹೂಕಡ್ಡಿ. ಮರವನ್ನೂ ಏರದ, ಅಂಗಡಿಯನ್ನೂ ಸೇರದ ನೆಲದ ಸೀತಾಳೆಗಳು ಈ ಎರಡು ಚಿತ್ರಗಳ ಮರೆಯಲ್ಲಿ ಉಳಿದುಬಿಟ್ಟಿವೆ. ಅವುಗಳಲ್ಲಿ ಒಂದು ಹಬೆನೇರಿಯಾ ಮಾರ್ಜಿನೇಟಾ.

ಲಗಾಮು ಅಥವಾ ಪಟ್ಟಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಕುಲದ ಹೆಸರು ಬಂದಿದೆ. ಎಲೆಯ ಅಂಚಿನಲ್ಲಿ ಸಾಗುವ ತಿಳಿ ಹಳದಿ ಗೆರೆಯೇ 'ಮಾರ್ಜಿನೇಟಾ' ಎಂಬ ವಿಶೇಷಣಕ್ಕೆ ಆಧಾರ. ಈ ಪ್ರಭೇದವನ್ನು 1820ರ ದಶಕದಲ್ಲಿ ಹೆಸರಿಸಿದವನು ಎಚ್.ಟಿ. ಕೋಲ್‌ಬ್ರೂಕ್; 1808ರಲ್ಲಿ ಅಮರಕೋಶವನ್ನು ಇಂಗ್ಲಿಷ್ ವಿವರಣೆಯೊಡನೆ ಅಚ್ಚು ಹಾಕಿಸಿದ ವಿದ್ವಾಂಸನೂ ಅವನೇ ಎಂಬುದು ಭಾಷಾಭ್ಯಾಸಿಗಳಿಗೆ ಪ್ರಿಯವಾಗಬಹುದಾದ ಸಂಗತಿ.

ಗಿಡದ ಎತ್ತರ ಸುಮಾರು ಒಂದು ಗೇಣು. ಕೆಲವೇ ಎಲೆಗಳು ಬುಡದಲ್ಲಿ ನೆಲಕ್ಕೆ ಒತ್ತಿಕೊಂಡಂತೆ ಹರಡಿರುತ್ತವೆ. ನಡುವಿನಿಂದ ಏಳುವ ತೆನೆಯಲ್ಲಿ ಹೂಗಳು ಒತ್ತಾಗಿರುತ್ತವೆ. ಹೂವಿನ ಮೇಲಿನ ಪುಷ್ಪಪತ್ರ ಹಸುರು. ಅದು ಎರಡು ದಳಗಳೊಡನೆ ಕೂಡಿ ಒಳಗಿನ ಸ್ತಂಭದ ಮೇಲೆ ಮುಸುಕಿನಂತೆ ಬಾಗಿರುತ್ತದೆ. ಮುಸುಕಿನ ಕೆಳಗೆ ಮೂರು ಸೀಳಿನ ಹಳದಿ ತುಟಿ, ಅದರ ಹಿಂಬದಿಗೆ ಕೊಳವೆ. ಆಸ್ಟ್ರೇಲಿಯದ ಟೆರೊಸ್ಟೈಲಿಸ್ ಕುಲದ ನೆಲ ಆರ್ಕಿಡ್‌ಗಳಿಗೆ ಇಂತಹ ಹಸುರು ಮುಸುಕಿನಿಂದಲೇ ಅಲ್ಲಿಯ ಜನ ಹೆಸರಿಟ್ಟಿದ್ದಾರೆ. ಹೋಲಿಕೆ ಮಾತ್ರ ಇಲ್ಲಿಗೇ ನಿಲ್ಲುತ್ತದೆ. ಅಲ್ಲಿಯ ಹೂವಿನ ತುಟಿ ಕೀಟ ತಾಗಿದೊಡನೆ ಮೇಲಕ್ಕೆ ಚಿಮ್ಮಿ ಅದನ್ನು ಮುಸುಕಿನೊಳಗೆ ಸಿಲುಕಿಸುತ್ತದೆ. ಹಬೆನೇರಿಯಾದ ತುಟಿಗೆ ಆ ಚಲನೆಯಿಲ್ಲ. ಈ ಕುಲದ ಬಹಳಷ್ಟು ಪ್ರಭೇದಗಳು ಕೊಳವೆಯಲ್ಲಿ ಮಕರಂದವನ್ನಿಟ್ಟು ಪತಂಗಗಳನ್ನು ಕರೆಯುತ್ತವೆ.

ಕರ್ನಾಟಕದಲ್ಲಿ ಈ ಗಿಡದ ನೆಲೆ ಹುಲ್ಲುಗಾವಲು, ಬಯಲುಗುಡ್ಡ ಹಾಗೂ ವಿರಳ ಕಾಡಿನ ಅಂಚು. ಕೃಷಿಯ ಲೆಕ್ಕದಲ್ಲಿ ಇವು ಬಹುಪಾಲು ಪಾಳುಭೂಮಿ; ಗಿಡದ ಸಂಕಟ ಆರಂಭವಾಗುವುದು ಆ ಶಬ್ದದಿಂದಲೇ ಎನ್ನಬಹುದು. ಬೇಸಗೆಯಲ್ಲಿ ನೋಡಿದರೆ ಅಲ್ಲಿ ಒಣಹುಲ್ಲಲ್ಲದೆ ಬೇರೇನೂ ಇಲ್ಲ. ಗಿಡವೆಲ್ಲ ಆಗ ನೆಲದೊಳಗಿನ ಒಂದು ಗೆಡ್ಡೆಯಾಗಿ ನಿದ್ರಿಸುತ್ತಿರುತ್ತದೆ. ಮುಂಗಾರಿನೊಡನೆ ಎಲೆ ಮೂಡಿ, ಮಳೆಗಾಲದ ಉತ್ತರಾರ್ಧದಲ್ಲಿ ಹೂ ಅರಳುತ್ತದೆ. ಆ ವೇಳೆಗೆ ಹಳೆಯ ಗೆಡ್ಡೆ ಬತ್ತುತ್ತಿರುತ್ತದೆ. ಪಕ್ಕದಲ್ಲಿ ಮುಂದಿನ ವರ್ಷದ ಗೆಡ್ಡೆ ತುಂಬಿಕೊಳ್ಳುತ್ತಿರುತ್ತದೆ.

ಬೀಜದಿಂದ ಈ ನಷ್ಟ ತುಂಬಿಬರುವುದು ಸುಲಭವಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ದಾಸ್ತಾನಿಲ್ಲ. ಮಣ್ಣಿನ ಶಿಲೀಂಧ್ರವೊಂದು ಒಳಹೊಕ್ಕು ಪೋಷಿಸಿದರೆ ಮಾತ್ರ ಅದು ಮೊಳೆಯುತ್ತದೆ ಎಂಬುದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಕೊಂಡನು. ಕನ್ನಡಿಗರು 'ಹಸುರು ಹೊನ್ನು'ವಿನ ಲೇಖಕರೆಂದು ಬಲ್ಲ ಬಿ.ಜಿ.ಎಲ್. ಸ್ವಾಮಿಯವರು 1940ರ ದಶಕದಲ್ಲಿ ಆರ್ಕಿಡ್‌ಗಳ ಭ್ರೂಣವಿಜ್ಞಾನದ ಮೇಲೆ ನಡೆಸಿದ ಸಂಶೋಧನೆಯ ವ್ಯಾಪ್ತಿಯಲ್ಲಿ ಹಬೆನೇರಿಯಾ ಕುಲವೂ ಸೇರಿತ್ತು. ಉಳುಮೆಯಿಂದಲೋ ಗಣಿಯಿಂದಲೋ ಮೇಲ್ಮಣ್ಣು ಕದಡಿದಾಗ ಗೆಡ್ಡೆಯೊಡನೆ ಶಿಲೀಂಧ್ರದ ಆಶ್ರಯವೂ ಅಳಿಯುತ್ತದೆ.

ಇನ್ನೊಂದು ಆಪತ್ತು ಔಷಧದ ಪೇಟೆಯದು. ಹೈದರಾಬಾದಿನ ಯುನಾನಿ ವೈದ್ಯಕ್ಕೆ ಪರಿಚಿತವಾದ ಸಾಲಬ್ ಮಿಸ್ರಿ ನೆಲ ಆರ್ಕಿಡ್‌ಗಳ ಒಣಗಿಸಿದ ಗೆಡ್ಡೆಯೇ. ಆಯುರ್ವೇದದ ಅಷ್ಟವರ್ಗದ ಋದ್ಧಿ, ವೃದ್ಧಿಗಳೆಂದು ಹಿಮಾಲಯದ ಹಬೆನೇರಿಯಾ ಗೆಡ್ಡೆಗಳನ್ನು ಗುರುತಿಸಲಾಗಿದೆ. ಆರ್ಕಿಡ್ ಕುಟುಂಬದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿರ್ಬಂಧವಿದ್ದರೂ ಊರ ಗುಡ್ಡದಲ್ಲಿ ಅಗೆಯುವ ಗುದ್ದಲಿಗೆ ಅದು ಕಾಣಿಸುವುದಿಲ್ಲ. ಹೂ ಬಿಟ್ಟಾಗ ಮಾತ್ರ ಗಿಡ ಕಣ್ಣಿಗೆ ಬೀಳುವುದರಿಂದ ಅಗೆತವೂ ಆಗಲೇ ನಡೆಯುತ್ತದೆ. ಬತ್ತುವ ಗೆಡ್ಡೆಯೊಡನೆ ತುಂಬುತ್ತಿರುವ ಗೆಡ್ಡೆಯೂ, ಇನ್ನೂ ಬಲಿಯದ ಕಾಯಿಗಳೂ ಒಂದೇ ಏಟಿಗೆ ಮೇಲೆ ಬರುತ್ತವೆ.